ಬಿರುಕಿಗೆ ನೀರು

"ಮೇವಿಸ್, ಈ ಡಿಸೆಂಬರ್ ಚಳೀಲಿ ಯಾವ ಗಿಡಕ್ಕೆ ನೀರು ಹಾಕ್ತಿದೀರಿ?"

ಹಳೆಯ ಸೀಮೆಸುಣ್ಣದ ಗಣಿಯ ಕಾವಲುಗಾರ್ತಿ ಟೆಸ್ ಹಿಂದಿನಿಂದ ಕೇಳಿದಾಗ ಮುದುಕಿ ಮೇವಿಸ್ ಬೆಚ್ಚಿಬಿದ್ದಳು. ಎದುರಿಗೆ ಗಿಡವೇ ಇರಲಿಲ್ಲ. ಬಿಳಿಯ ಗೋಡೆ, ಅದರಲ್ಲೊಂದು ಬಿರುಕು, ಬಿರುಕಿನ ಬಾಯಲ್ಲಿ ಅರ್ಧ ಇಣುಕುತ್ತಿದ್ದ 'ಕುರುಬನ ಕಿರೀಟ'. ಎಂದೋ ಕಲ್ಲಾದ ಕಡಲಜೀವಿ ಅದು. ಬನ್ನಿನಷ್ಟು ದುಂಡಗೆ, ಬೆನ್ನ ಮೇಲೆ ಐದು ಗೆರೆಯ ನಕ್ಷತ್ರ.

"ಗೋಡೆ ಕೆದಕೋ ಹಾಗಿಲ್ಲ ಅಂತ ಬೋರ್ಡಿದೆಯಲ್ಲ!"

"ನಾನೆಲ್ಲಿ ಕೆದಕಿದೆ? ನೀರು ಒಳಗೆ ಮಂಜುಗಡ್ಡೆಯಾದ್ರೆ ಸುಣ್ಣ ತಾನೇ ಒಡೆಯುತ್ತೆ. ಬಿದ್ದಿದ್ದು ತಗೋಬಹುದು ಅಂತಾನೂ ನಿನ್ನ ಬೋರ್ಡಲ್ಲೇ ಇದೆ." ಗಂಡನ ಮಾತೆತ್ತುವಾಗ ಮೇವಿಸಳ ದನಿ ಸಣ್ಣಗಾಯಿತು. "ಹೊರೇಸ್‌ಗೆ ಕಣ್ಣು ಹೋಗ್ತಿದೆ ಕಣೆ. ಬೇಸಿಗೆ ಹೊತ್ತಿಗೆ ಏನೂ ಕಾಣಲ್ಲ ಅಂದಿದಾರೆ ಡಾಕ್ಟರು. ಇದೊಂದು ಬೀಳಲಿ ಅಂತ ಮೂರು ಚಳಿಗಾಲದಿಂದ ಕಾಯ್ತಿದಾನೆ."

"ಅವರಿಗೆ ಗೊತ್ತಾ ಈ ನೀರಿನ ವಿಷಯ?"

"ಗೊತ್ತಾದ್ರೆ ಮುಗೀತು!"

ನಿಜಕ್ಕೂ ಮುಗಿದೇ ಹೋಗುತ್ತಿತ್ತು. ಗೋಡೆ ಒಡೆಯಲು ಸುತ್ತಿಗೆ ಹಿಡಿದು ಬಂದ ಸ್ವಂತ ಭಾಮೈದನನ್ನೇ ಹಿಡಿದುಕೊಟ್ಟ ಆಸಾಮಿ ಹೊರೇಸ್. ಟೆಸ್ ಮೇವಿಸಳ ಕೈಯಿಂದ ನೀರಿನ ಕ್ಯಾನು ಕಸಿದುಕೊಂಡಳು. ಅಷ್ಟರಲ್ಲಾಗಲೇ ಅದು ಖಾಲಿಯಾಗಿತ್ತು.

ರಾತ್ರಿಯೆಲ್ಲ ಕೊರೆಯುವ ಚಳಿ. ಬೆಳಿಗ್ಗೆ ಗಂಡ ಹೆಂಡತಿ ಬರುವಾಗ ಟೆಸ್ ಅಲ್ಲೇ ನಿಂತಿದ್ದಳು. ಕಿರೀಟ ಗೋಡೆಯ ಬುಡದಲ್ಲಿ, ಸುಣ್ಣದ ಪುಡಿಯ ಮೇಲೆ ಬಿದ್ದಿತ್ತು, ಒಂದು ಚೂರೂ ಮುಕ್ಕಾಗದೆ. ಹೊರೇಸ್ ಅದನ್ನು ಎತ್ತಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಗೆರೆಗಳನ್ನು ಒಂದೊಂದಾಗಿ ಎಣಿಸಿದ. ಅವನ ಮುಖ ನೋಡಿ ಮೇವಿಸಳಿಗೆ ಹೊಟ್ಟೆ ತುಂಬಿದಂತಾಯಿತು.

ಆಮೇಲೆ ಅವನು ಕಿರೀಟ ಬಿಟ್ಟುಬಂದ ಕುಳಿಯ ಮೇಲೆ ಬೆರಳಾಡಿಸಿದ. ಸುತ್ತಲಿನ ಗೋಡೆಯೆಲ್ಲ ಒಣಗಿತ್ತು. ಅಲ್ಲಿ ಮಾತ್ರ ಮಂಜುಗಡ್ಡೆ. ಬೆರಳು ಅಲ್ಲೇ ನಿಂತಿತು. ಹೆಂಡತಿಯ ಕಡೆ ತಿರುಗಿದ. ಇನ್ನೇನು ಕಲ್ಲನ್ನು ಇಲ್ಲೇ ಬಿಟ್ಟು ಹೊರಡುತ್ತಾನೆ ಎಂದುಕೊಂಡಳು ಮೇವಿಸ್.

ಟೆಸ್ ಬೇಗ ಬೇಗ ಗಣಿಯ ದಾಖಲೆ ಪುಸ್ತಕ ತೆರೆದಳು. "ಸಿಕ್ಕಿದ್ದು ಯಾರಿಗೆ ಅಂತ ಬರೀಬೇಕಲ್ಲ. ಹೊರೇಸ್, ನಿಮ್ಮ ಹೆಸರೇ ತಾನೆ?"

"ಅಲ್ಲ." ಹೊರೇಸ್ ಕಿರೀಟವನ್ನು ಹೆಂಡತಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಮೇವಿಸ್ ಅಂತ ಹಾಕು. ನಾನು ಸುಮ್ಮನೆ ಕಾದವನು."