ತುಂಬಾ ಚೆನ್ನಾಗಿದೆ, ಮುಂದುವರಿಸಿ

ಹಾದಿಮನಿ ಸರ್‌ಗೆ ಓದುಗರಿರಲಿಲ್ಲ.

ಎರಡು ಕಥಾಸಂಕಲನ ಬಂದಿದ್ದವು. ಬಿಡುಗಡೆಯ ದಿನ ಶಾಲು ಸಿಕ್ಕಿತ್ತು, ಪೇಪರಿನಲ್ಲಿ ಫೋಟೋ ಬಂದಿತ್ತು... ಪುಸ್ತಕಗಳು ಮಾತ್ರ ಮಂಚದ ಕೆಳಗೆ ಬಂಡಲ್‌ನಲ್ಲೇ ಉಳಿದಿದ್ದವು.

ಹೀಗಾಗಿ ಈ ವರ್ಷ ಅವರು ಗದಗಿನ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಥೆ ಬರೆಯುವುದನ್ನು ಕಲಿಸಲು ಶುರು ಮಾಡಿದರು. ಪ್ರತಿ ಭಾನುವಾರ ಕ್ಲಾಸ್. ಮೂವತ್ತು ಜನ ಸೇರಿದರು. ಒಂದು ವಾಟ್ಸಾಪ್ ಗ್ರೂಪ್ ಕೂಡ ಆಯಿತು.

ಡಿಸೆಂಬರಿನ ಕೊನೆಯ ಭಾನುವಾರ. ಈ ವರ್ಷ ಏನು ಮಾಡಿದೆ ಎಂದು ಒಂದು ಪೋಸ್ಟ್ ಬರೆಯಲು ಸರ್ ಮನೆಯಲ್ಲಿ ಕೂತರು.

ಹೇಳಿಕೊಳ್ಳಲು ಇದ್ದದ್ದು ಒಂದೇ... ವರ್ಷವಿಡೀ ತಿದ್ದಿ ತಿದ್ದಿ ಮುಗಿಸಿದ ಹದಿನಾರು ಪುಟದ ಹೊಸ ಕಥೆ. ಪೋಸ್ಟ್ ಬಿಟ್ಟು ಆ ಕಥೆಯನ್ನೇ ಗ್ರೂಪಿಗೆ ಹಾಕಿದರು.

ಒಂದು ನಿಮಿಷ ಆಗಿರಲಿಲ್ಲ...

"ಅದ್ಭುತ ಸರ್ 👏👏"

"ಕಣ್ಣೀರು ಬಂತು ಸರ್ 🙏"

"ಎಂಥಾ ಅಂತ್ಯ ಸರ್!!!"

ಸರ್ ಹುಬ್ಬು ಗಂಟಿಕ್ಕಿದರು. "ಹದಿನಾರು ಪುಟ ಒಂದ ನಿಮಿಷದಾಗ ಹ್ಯಾಂಗ ಓದ್ತಾರ ಇವರು?"

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ನಾನೂ ಓದಿಲ್ಲ. ಆದ್ರ ಕಣ್ಣೀರು ಬಂತು ಅಂತ ಸುಳ್ಳ ಹೇಳಿಲ್ಲ ನೋಡ್ರಿ."

ಸಂಜೆಯ ಹೊತ್ತಿಗೆ ಎಲ್ಲರ ಚಪ್ಪಾಳೆಯೂ ಬಂದಿತ್ತು. ಒಬ್ಬಳದು ಬಿಟ್ಟು.

ಶೈಲಾ ಬಳಿಗಾರ. ಬಿ.ಎಡ್. ಓದುವ ಹುಡುಗಿ. ಜೂನ್‌ವರೆಗೆ ತಪ್ಪದೆ ಕ್ಲಾಸಿಗೆ ಬಂದವಳು ಆಮೇಲೆ ಬಂದಿರಲಿಲ್ಲ. ಗ್ರೂಪಿನಲ್ಲಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ.

ಸರ್‌ಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಾಗಿತ್ತು. ಫೋನ್ ಮಾಡಿದರು.

"ಏನವಾ ಶೈಲಾ... ಸರ್ ಕಥಿ ಹಾಕಿದ್ರ ಒಂದು ಚಪ್ಪಾಳಿ ಹಾಕಾಕ ಕೈ ನೋಯ್ತಾವೇನು?"

"ಓದೀನ್ರಿ ಸರ. ಮುಂದಿಂದು ಹಾಕ್ತೀರೇನೋ ಅಂತ ಕಾಯಾಕತ್ತೀನ್ರಿ."

"ಮುಂದಿಂದು ಯಾವ್ದು?"

"ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ವಾಚ್‌ಮನ್ ಗೇಟ್ ತೆಗ್ಯಾಕ ಏಳ್ತಾನಲ್ರಿ... ಅಲ್ಲಿಗೇ ನಿಂತೈತ್ರಿ. ಹೊರಗ ಯಾರ ನಿಂತಿದ್ರು ಅಂತ ಗೊತ್ತಾಗ್ಲಿಲ್ರಿ."

ಸರ್ ಗ್ರೂಪ್ ತೆರೆದು ನೋಡಿದರು. ಹೋಗಿದ್ದು ಆಗಸ್ಟ್‌ನಲ್ಲಿ ಅರ್ಧ ಬರೆದಿಟ್ಟಿದ್ದ ಹಳೆಯ ಫೈಲು!

"ಎಂಥಾ ಅಂತ್ಯ ಸರ್" ಎಂದಿದ್ದವನ ಮೆಸೇಜ್ ಇನ್ನೊಮ್ಮೆ ಕಣ್ಣಿಗೆ ಬಿತ್ತು.

"ನೋಡವಾ, ಜನವರಿಯಿಂದ ಕ್ಲಾಸೇ ಬ್ಯಾರೆ. ಮೊದಲ ಮೂರು ತಿಂಗಳು ಬರಿಯೂದಿಲ್ಲ, ಬರೇ ಓದೂದು! ಒಬ್ಬರದು ಒಬ್ಬರು ಓದಿ, ಎಲ್ಲಿ ಕೆಟ್ಟೈತಿ ಅಂತ ಮಾರಿ ಮ್ಯಾಲ ಹೇಳಬೇಕು. ಆಗದವರು ಬರೂದ ಬ್ಯಾಡ. ನೀ ಮಾತ್ರ ಬರಬೇಕು. ನೀನೊಬ್ಬಾಕಿ ಓದುವಾಕಿ... ಜೂನ್‌ನಿಂದ ಯಾಕ ಬಂದಿಲ್ಲ?"

"ಜೂನ್‌ನಾಗ ನಿಮಗ ಒಂದು ಕಥಿ ಕಳ್ಸಿದ್ನಿರಿ ಸರ. ನಾಲ್ಕು ಪುಟ, ಫೋಟೋ ತಗದು."

"ಹೂಂ, ನೆನಪೈತಿ. ಚಲೋ ಇತ್ತು."

"ಮೂರನೇ ಪುಟದ ಫೋಟೋ ಪೂರ್ತಿ ಮಸುಕಾಗಿತ್ರಿ. ಒಂದ ಅಕ್ಷರ ಓದಾಕ ಬರ್ತಿರ್ಲಿಲ್ಲ. ಇನ್ನೊಮ್ಮೆ ತಗದು ಕಳ್ಸೂದ್ರಾಗ ನಿಮ್ಮ ಮೆಸೇಜ್ ಬಂತ್ರಿ... 'ತುಂಬಾ ಚೆನ್ನಾಗಿದೆ, ಮುಂದುವರಿಸಿ.'"

ಸರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಆ ಪುಟದಾಗ ಅಕ್ಕ ಸಾಯ್ತಾಳ್ರಿ ಸರ."

"...ಕಥಿಯೊಳಗ?"

"ನಮ್ಮ ಮನ್ಯಾಗೂ ರೀ. ಮೇ ತಿಂಗಳಾಗ. ಯಾರ ಮುಂದೂ ಹೇಳಾಕ ಆಗಿರ್ಲಿಲ್ಲ... ಅದಕ್ಕ ನಿಮಗ ಬರದು ಕಳ್ಸಿದ್ನಿ."

ಸರ್ ಕೆಟ್ಟವರಲ್ಲ. ಆ ವಾರ ಕ್ಲಾಸಿನ ಎಲ್ಲರೂ ಕಥೆ ಕಳಿಸಿದ್ದರು. ಯಾರಿಗೂ ಬೇಸರವಾಗಬಾರದೆಂದು ಒಂದೇ ಸಾಲನ್ನು ಕಾಪಿ ಮಾಡಿ ಎಲ್ಲರಿಗೂ ಕಳಿಸಿದ್ದರು. ಅಷ್ಟೇ.

"ಆ ಪುಟ ಈಗ ಕಳ್ಸವಾ... ಈಗ ಓದ್ತೀನಿ."

"ಇಲ್ರಿ ಸರ. ರದ್ದಿ ಜೋಡಿ ಹೋತ್ರಿ."

"ಮತ್ತೊಮ್ಮೆ ಬರಿ."

"ಒಮ್ಮೆ ಬರಿಯೂದ್ರಾಗ ಸಾಕಾತ್ರಿ... ನೀವು ಉಳದದ್ದು ಹಾಕ್ರಿ. ಹೊರಗ ಯಾರ ನಿಂತಿದ್ರು ಅಂತ ತಿಳೀಬೇಕು ನನಗ."

ಫೋನ್ ಇಟ್ಟ ಮೇಲೆ ಸರ್ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತರು.

ಆಮೇಲೆ ಪೂರ್ತಿ ಕಥೆಯನ್ನು ಗ್ರೂಪಿಗೆ ಹಾಕಿದರು. ಗೇಟಿನ ಹೊರಗೆ ನಿಂತವನು ವಾಚ್‌ಮನ್‌ನ ತಮ್ಮ. ಹಿಂದೊಮ್ಮೆ ಅಣ್ಣನ ಮೇಲೆ ಕೈ ಮಾಡಿ ಮನೆ ಬಿಟ್ಟು ಹೋದವನು. ವಾಚ್‌ಮನ್ ಗೇಟ್ ತೆಗೆದು ಅವನನ್ನು ಒಳಗೆ ಕರೆದುಕೊಳ್ಳುತ್ತಾನೆ.

ಒಂದು ನಿಮಿಷದಲ್ಲಿ ಮತ್ತೆ ಅವೇ ಚಪ್ಪಾಳೆಗಳು. "ಅದ್ಭುತ ಸರ್ 👏👏"

ಸುಮಾರು ಹೊತ್ತಿನ ಮೇಲೆ ಶೈಲಾಳ ಮೆಸೇಜ್ ಬಂತು.

"ವಾಚ್‌ಮನ್ ಅಷ್ಟು ಲಗೂ ಗೇಟ್ ತೆಗೀಬಾರದಿತ್ರಿ ಸರ. ಅವನನ್ನ ಇನ್ನಷ್ಟು ಹೊತ್ತು ಹೊರಗ ನಿಲ್ಲಿಸಬೇಕಿತ್ತು."

ಅವಳ ಮಾತು ಸರಿಯಾಗಿತ್ತು. ಕಥೆ ಅಲ್ಲೇ ಕೆಟ್ಟಿತ್ತು. ಎರಡು ಪುಸ್ತಕ ಬರೆದ ಮೇಲೆ ಮೊದಲ ಸಲ ಯಾರೋ ಅವರ ಕಥೆಯನ್ನು ಕೊನೆಯವರೆಗೆ ಓದಿದ್ದರು.

ಏನು ಉತ್ತರ ಕೊಡಲಿ ಎಂದು ಸರ್ ಬರೆದು ಅಳಿಸುತ್ತಾ ಇರುವಾಗಲೇ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಾಣಿಸಿತು... ಶೈಲಾ ಗ್ರೂಪ್ ಬಿಟ್ಟು ಹೋಗಿದ್ದಳು.

*

ಓದದೆ ಹೊಗಳಿದರೆ, ಬರೆದವರ ಬಾಯಿ ಮುಚ್ಚಿಸಿದಂತೆ.

ಈ ವರ್ಷ ನಿಮಗೆ ಬಂದದ್ದರಲ್ಲಿ ಯಾರ ಮಾತನ್ನು ಕೊನೆಯವರೆಗೆ ಓದಿ ಉತ್ತರ ಕೊಟ್ಟಿರಿ?

ಆ ಕ್ಲಾಸಿನಲ್ಲಿ ಕಳೆದುಹೋದದ್ದು ಇಷ್ಟು: ಒಂದು ಕಥೆ, ಒಬ್ಬ ಕಥೆಗಾರ್ತಿ, ಒಬ್ಬ ಓದುಗಾರ್ತಿ. ಕೊನೆಯವರಿಬ್ಬರೂ ಒಬ್ಬಳೇ.