ಉಸಿರಿನ ಗುರುತು

ಕಾರಿನೊಳಗೆ ಬಳ್ಳಿ ಹಬ್ಬಿಸುವ ಷೋಕಿ ಹುಬ್ಬಳ್ಳಿಗೂ ಬಂದಿತ್ತು. ಆ ಬಳ್ಳಿಗೆ ಮನುಷ್ಯರ ಉಸಿರಿನ ಗುರುತು ಹತ್ತುತ್ತಿತ್ತು. ಪದೇ ಪದೇ ಓಡಾಡುವವರು ಕೂತರೆ ಮೊಗ್ಗು ಬಿರಿಯುತ್ತಿದ್ದವು, ಹೊಸಬರು ಕೂತರೆ ಎಲೆ ಮುದುಡುತ್ತಿದ್ದವು.

ಅಂದು ಶಿವಲೀಲಾ ತಮ್ಮ ಮಹಾಂತೇಶನ ಕಾರಿನಲ್ಲಿ ಹೊರಟಿದ್ದಳು. ಬಸ್ ಸ್ಟಾಪಿನ ಬಿಸಿಲಲ್ಲಿ ಅಪ್ಪ ಕುಸಿದು ಕೂತಿದ್ದ. ಮಕ್ಕಳು ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಹೋದ ಅಪ್ಪ.

"ಗಾಡಿ ನಿಲ್ಲಸೋ."

"ಬ್ಯಾಡಕ್ಕ. ಅವನ ಮಾರಿ ನೋಡಂಗಿಲ್ಲಂತ ಅವ್ವನ ಮುಂದ ಆಣಿ ಮಾಡೇವಲ್ಲ?"

"ಬಿಸಲಾಗ ಸಾಯ್ತಾನೋ. ಇವತ್ತೊಂದಿನ ಇರ್ಲಿ."

ಅಪ್ಪ ಅಳುಕುತ್ತ ಮುಂದಿನ ಸೀಟಿನಲ್ಲಿ ಕೂತು ಉಸ್ಸೆಂದ. ಸ್ಟೇರಿಂಗಿನಿಂದ ಹಿಂದಿನ ಗಾಜಿನವರೆಗೆ ಉಳಿದಿದ್ದ ಮೊಗ್ಗುಗಳೆಲ್ಲ ಒಮ್ಮೆಲೇ ಬಿರಿದವು. ಮಹಾಂತೇಶ ಗಾಬರಿಯಿಂದ ಹೂಗಳನ್ನು ಕೈಯಿಂದ ಮುಚ್ಚಲು ನೋಡಿದ.

"ಎಷ್ಟ ದಿನದಿಂದ ನಡದೈತಿ ಇದು?" ಹಿಂದಿನ ಸೀಟಿನಿಂದ ಶಿವಲೀಲಾ ಮುಂದಕ್ಕೆ ಬಗ್ಗಿದಳು. "ಅವ್ವಗ ಗೊತ್ತಾದ್ರ ಎದಿ ಒಡಕೊಂಡ ಸಾಯ್ತಾಳ."

ಅಪ್ಪ ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದ.

"ನಿಮ್ಮವ್ವನೂ ಬರ್ತಾಳವ್ವ, ಸೋಮವಾರಕ್ಕೊಮ್ಮೆ ಮೂರೂ ಮಂದಿ ಗುಡಿಗೆ ಹೋಗ್ತೇವಿ. ನಿನಗ ಹೇಳಬ್ಯಾಡಂತ ಅಕಿನ ಅಂದಾಳ. ನಿನ್ನ ಸಿಟ್ಟಿಗೆ ಅಂಜತಾಳ."

ಶಿವಲೀಲಾ ಬಾಗಿಲು ತೆಗೆದು ಇಳಿದಳು. ಅವಳ ಮದುವೆಯ ದಿನ ಅಪ್ಪ ಹಂದರದ ಹೊರಗೆ ಬಂದು ನಿಂತಿದ್ದ. ಅವ್ವನಿಗೆ ನೋವಾದೀತೆಂದು ಅಕ್ಷತೆ ಹಾಕಲೂ ಬಿಡದೆ ಅವಳೇ ಅವನನ್ನು ಅಲ್ಲಿಂದ ಅಟ್ಟಿಬಿಟ್ಟಿದ್ದಳು. ಅಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಒಂದು ಮಾತೂ ಆಡಿರಲಿಲ್ಲ.

"ಲೀಲಾ, ಬಾರವ್ವ," ಎಂದು ಅಪ್ಪ ಕರೆಯುತ್ತಲೇ ಇದ್ದ. ಅವಳು ತಿರುಗಿ ನೋಡದೆ ಬಿಸಿಲಲ್ಲಿ ನಡೆದುಹೋದಳು.