ಫ್ರಿಜ್ಜಿನ ಬೆನ್ನು

ವಾಸ್ತುವಿನವರು ಹೇಳಿದರೆಂದು ಸುಲೋಚನಮ್ಮ ನಿನ್ನೆ ಸಂಜೆ ಫ್ರಿಜ್ಜನ್ನು ಬೇರೆ ಮೂಲೆಗೆ ಸರಿಸಿದ್ದರು. ಇಷ್ಟು ವರ್ಷ ಅದರ ಬೆನ್ನು ಬೀದಿಯ ಕಡೆಗಿತ್ತು. ಒಳಗಿಟ್ಟ ಪದಾರ್ಥಕ್ಕೆ ವಯಸ್ಸಾಗುವುದಿಲ್ಲ. ಅದರ ಮೇಲೆ ಕಳೆಯಬೇಕಿದ್ದ ದಿನಗಳೆಲ್ಲ ಫ್ರಿಜ್ಜಿನ ಬೆನ್ನಿನಿಂದ ಆಚೆ ಹೋಗುತ್ತವೆ. ಬೀದಿ ಕಡೆಯ ಆ ಗೋಡೆಗೆ ಹೊರಗಿನಿಂದ ಒರಗಿಸಿಟ್ಟ ಹೊಸ ಸೈಕಲ್ಲು ಕೂಡ ವಾರದಲ್ಲಿ ತುಕ್ಕು ಹಿಡಿಯುತ್ತಿತ್ತು.

ಮಗಳ ಮದುವೆಯ ತಾಂಬೂಲಕ್ಕೆ ತಂದಿಟ್ಟ ಸಾವಿರ ವೀಳ್ಯದೆಲೆ ಬೆಳಗ್ಗೆಯೂ ಈಗ ಕಿತ್ತ ಹಾಗೇ ಇದ್ದವು. ಖುಷಿಯಿಂದ ಬಾಗಿಲು ಮುಚ್ಚುವಾಗ ಪಕ್ಕದ ಮನೆಯ ರೇವತಿ ಬಂದಳು.

“ಆಂಟಿ, ನಮ್ಮ ಪಾಪುಗೆ ಇನ್ನೂ ಮೂರು ತಿಂಗಳು. ರಾತ್ರಿ ಕಳೆಯೋದ್ರೊಳಗೆ ಬಾಯಿ ತುಂಬ ಹಲ್ಲು ಬಂದಿದೆ! ಹಿಂಗೂ ಆಗತ್ತಾ?”

ಸುಲೋಚನಮ್ಮನ ಕೈ ಫ್ರಿಜ್ಜಿನ ಹಿಡಿಯ ಮೇಲೇ ನಿಂತಿತು.

“ತೊಟ್ಟಿಲು ಎಲ್ಲಿ ಕಟ್ಟಿದೀಯಮ್ಮಾ?”

“ಇದೇ ಗೋಡೆ ಆಚೆ. ಯಾಕಾಂಟಿ?”

ಒಂದೊಂದು ಎಲೆಗೂ ಒಂದೊಂದು ರಾತ್ರಿ. ಸಾವಿರ ಎಲೆ.

ಅವರು ಬಗ್ಗಿ ಪ್ಲಗ್ಗು ಕಿತ್ತರು. ಫ್ರಿಜ್ಜಿನ ಗುಂಯ್ ಸದ್ದು ನಿಂತಿತು. ಆಗ ಗೋಡೆಯಾಚೆಯಿಂದ ಸ್ಪಷ್ಟವಾದ ದನಿಯೊಂದು ಕೇಳಿಸಿತು:

“ಅಮ್ಮಾ, ತೊಟ್ಟಿಲಲ್ಲಿ ಕಾಲು ಚಾಚೋಕೆ ಆಗ್ತಿಲ್ಲ.”